ಬೇಸಿಗೆಯ ಸಾಲ, ಚಳಿಗಾಲದ ವಸೂಲಿ

ಹಾಸನದಲ್ಲಿ ಐದು ವಾರ ಕಳೆದು ಮಿನಿಯಾಪೊಲಿಸ್‌ಗೆ ಬಂದಿಳಿದ ರಾತ್ರಿ ಹೊರಗೆ ಮೈನಸ್ 24 ಡಿಗ್ರಿ ಸೆಲ್ಸಿಯಸ್ ಇತ್ತು. ಸೂಟ್‌ಕೇಸಿನ ತುಂಬ ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ, ಹುಳಿಪುಡಿ. ಮೈಮೇಲೆ ಬೆಂಗಳೂರಿನ ಡಿಸೆಂಬರಿಗೆ ಸಾಲುವಷ್ಟೇ ಸ್ವೆಟರು. ಬಯಲು ಪಾರ್ಕಿಂಗ್‌ನಲ್ಲಿ ಹಿಮ ಹೊದ್ದು ನಿಂತಿದ್ದ ಕಾರಿನತ್ತ ರಿಮೋಟ್ ಒತ್ತಿದೆ. ಒಂದು ದೀಪವೂ ಮಿಣುಕಲಿಲ್ಲ. ರಿಮೋಟಿನೊಳಗೆ ಅಡಗಿರುವ ಪುಟ್ಟ ಕೀಲಿಯಿಂದ ಬಾಗಿಲು ತೆಗೆದು, ಬಾನೆಟ್ ಎತ್ತಿ, ಮೊಬೈಲಿನ ಬೆಳಕು ಬಿಟ್ಟು ನೋಡಿದರೆ ಬ್ಯಾಟರಿಯ ಪಕ್ಕಗಳು ಉಬ್ಬಿಕೊಂಡಿದ್ದವು. ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಸಹಾಯಕ್ಕೆ ಬಂದ ಟೋ ಗಾಡಿಯವನು ಕೈಯಲ್ಲಿ ಹಿಡಿದು ತಂದಿದ್ದ ಜಂಪರ್ ಕೇಬಲನ್ನು ಹಾಗೇ ಸುತ್ತಿ ವಾಪಸ್ ಇಟ್ಟ. ಒಳಗಿನ ಆಸಿಡ್ ಹೆಪ್ಪುಗಟ್ಟಿತ್ತು.

ಮಾರನೇ ದಿನ ಫೋನಿನಲ್ಲಿ ಅಪ್ಪ, "ಯಾರನ್ನಾದ್ರೂ ಕರ್ದು ತಳ್ಳಿ ಸ್ಟಾರ್ಟ್ ಮಾಡ್ಬೇಕಿತ್ತು ಕಣೋ" ಅಂದರು. ಗೆಳೆಯರ ವಾಟ್ಸ್ಯಾಪ್ ಗುಂಪಿನಲ್ಲಿ ಬ್ಯಾಟರಿಗೆ ಬಿಸಿನೀರು ಸುರಿಯುವುದರಿಂದ ಹಿಡಿದು ದಿನಾ ಹತ್ತು ನಿಮಿಷ ಇಂಜಿನ್ ಓಡಿಸಿಡುವವರೆಗೆ ಸಲಹೆಗಳ ಸುರಿಮಳೆ. ಅವುಗಳಲ್ಲಿ ಅರ್ಧದಷ್ಟನ್ನು ಅಲ್ಲಿಯವರೆಗೆ ನಾನೂ ನಂಬಿಕೊಂಡಿದ್ದವನೇ. ಹೊಸ ಬ್ಯಾಟರಿಗೆ ದುಡ್ಡು ತೆತ್ತ ಮೇಲೆ ಒಂದೊಂದನ್ನೇ ಒರೆಗೆ ಹಚ್ಚಿ ನೋಡಿದೆ.

ತಪ್ಪು ಕಲ್ಪನೆ 1: ಬ್ಯಾಟರಿಯನ್ನು ಕೊಲ್ಲುವುದು ಚಳಿ

ವಾಸ್ತವ: ಕೊಲ್ಲುವುದು ಸೆಕೆ. ನಾವು ಚಳಿಯ ಮೇಲೆ ಗೂಬೆ ಕೂರಿಸುತ್ತೇವೆ.

ಕಾರಿನ ಬ್ಯಾಟರಿಯ ಮೂಲ ತತ್ವ 1859ರಲ್ಲಿ ಫ್ರಾನ್ಸಿನ ಗಾಸ್ತೋ ಪ್ಲಾಂತೆ ಕಂಡುಕೊಂಡದ್ದೇ: ಸೀಸದ ಪ್ಲೇಟುಗಳು, ಅವು ಮುಳುಗಿರುವ ಗಂಧಕಾಮ್ಲ. ಒಳಗೆ ಆರು ಕೋಣೆ, ಒಂದೊಂದರಲ್ಲಿ ಸುಮಾರು 2.1 ವೋಲ್ಟ್, ಎಲ್ಲ ಸೇರಿ 12.6. ಈ ಕೋಣೆಗಳೊಳಗಿನ ರಾಸಾಯನಿಕ ಕ್ರಿಯೆ ಬಿಸಿಗೆ ಚುರುಕಾಗುತ್ತದೆ, ಚಳಿಗೆ ಮಂದವಾಗುತ್ತದೆ. ಸೊನ್ನೆ ಡಿಗ್ರಿಯಲ್ಲಿ ಬ್ಯಾಟರಿಯ ಕಸುವು ಮೂರನೇ ಒಂದು ಪಾಲು ತಗ್ಗುತ್ತದೆ. ಮೈನಸ್ 18ಕ್ಕೆ ಇಳಿದರೆ ಉಳಿಯುವುದು ಅರ್ಧಕ್ಕಿಂತ ಕಡಿಮೆ. ಅದೇ ಹೊತ್ತಿಗೆ ಇಂಜಿನ್ ಆಯಿಲ್ ಜೋನಿಬೆಲ್ಲದಂತೆ ಗಟ್ಟಿಯಾಗಿ, ಇಂಜಿನ್ ತಿರುಗಿಸಲು ಸೆಲ್ಫ್ ಮೋಟರಿಗೆ ಸುಮಾರು ಎರಡು ಪಟ್ಟು ಶಕ್ತಿ ಬೇಕಾಗುತ್ತದೆ. ಬರುವ ಸಂಬಳ ಅರ್ಧ, ಮನೆ ಖರ್ಚು ದುಪ್ಪಟ್ಟು.

ಆದರೆ ಚಳಿ ಕಸಿದುಕೊಂಡದ್ದನ್ನು ವಾಪಸ್ ಕೊಡುತ್ತದೆ. ಬ್ಯಾಟರಿ ಬೆಚ್ಚಗಾದರೆ ಹೋದ ಕಸುವು ಮರಳುತ್ತದೆ. ಸೆಕೆ ಹಾಗಲ್ಲ. ಬಾನೆಟ್ಟಿನಡಿ 60 ಡಿಗ್ರಿ ದಾಟುವ ದಿನಗಳಲ್ಲಿ ಒಳಗಿನ ನೀರು ಆರುತ್ತದೆ, ಪ್ಲೇಟುಗಳನ್ನು ಹಿಡಿದಿಟ್ಟ ಸೀಸದ ಜಾಲರಿಯನ್ನು ತುಕ್ಕು ತಿನ್ನುತ್ತದೆ. ಹತ್ತು ಡಿಗ್ರಿ ಏರಿದಂತೆ ಬ್ಯಾಟರಿಯ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎನ್ನುವುದು ಈ ಕಸುಬಿನವರ ಲೆಕ್ಕ. ಕಲಬುರಗಿಯಂಥ ಬಿಸಿಲೂರಿನಲ್ಲಿ ಮೂರು ವರ್ಷಕ್ಕೆ ಕೈಕೊಡುವ ಬ್ಯಾಟರಿ ತಂಪಿನ ಊರಿನಲ್ಲಿ ಐದು ವರ್ಷ ಬಾಳಬಲ್ಲದು. ಮಿನಿಯಾಪೊಲಿಸ್‌ನ ಜುಲೈ ಕೂಡ ಕಮ್ಮಿ ಸುಡುವುದಿಲ್ಲ. ಬೇಸಿಗೆಯಲ್ಲಿ ಆದ ಗಾಯ ಬೇಸಿಗೆಯಲ್ಲಿ ಕಾಣಿಸುವುದಿಲ್ಲ, ಏಕೆಂದರೆ ತೆಳುವಾದ ಆಯಿಲ್ ಇರುವ ಬಿಸಿ ಇಂಜಿನನ್ನು ಬಡಕಲು ಬ್ಯಾಟರಿಯೂ ತಿರುಗಿಸಿಬಿಡುತ್ತದೆ. ಜನವರಿ ಬಂದು ಬಾಕಿ ಕೇಳಿದಾಗಲೇ ಗೊತ್ತಾಗುವುದು.

ತಪ್ಪು ಕಲ್ಪನೆ 2: ಗಾಳಿ ಬೀಸಿದರೆ ಬ್ಯಾಟರಿಗೆ ಇನ್ನೂ ಚಳಿ

ವಾಸ್ತವ: 2019ರ ಜನವರಿ ಕೊನೆಯಲ್ಲಿ ಉತ್ತರ ಧ್ರುವದ ಶೀತಗಾಳಿ ಇಳಿದುಬಂದಾಗ ಮಿನಿಯಾಪೊಲಿಸ್‌ನ ಉಷ್ಣಾಂಶ ಮೈನಸ್ 33ಕ್ಕೆ ಕುಸಿದಿತ್ತು. ಗಾಳಿಯೂ ಸೇರಿ ಮೈಗೆ ಅನಿಸುತ್ತಿದ್ದುದು ಮೈನಸ್ 45ಕ್ಕಿಂತ ಕೆಳಗೆ. ಟಿವಿಯವರು ದೊಡ್ಡ ಅಕ್ಷರದಲ್ಲಿ ತೋರಿಸುವುದು ಈ ಎರಡನೇ ಅಂಕಿಯನ್ನೇ. ಅದು ನಮ್ಮ ಚರ್ಮದ ಲೆಕ್ಕ. ಬ್ಯಾಟರಿಗೆ ಚರ್ಮವಿಲ್ಲ. ಗಾಳಿ ಅದನ್ನು ಬೇಗ ತಣಿಸಬಹುದೇ ಹೊರತು ಹೊರಗಿನ ಉಷ್ಣಾಂಶಕ್ಕಿಂತ ಕೆಳಗೆ ಇಳಿಸಲಾರದು. ಥರ್ಮಾಮೀಟರ್ ಏನು ಹೇಳುತ್ತದೋ ಅಷ್ಟೇ ಬ್ಯಾಟರಿಯ ಚಳಿ.

ತಪ್ಪು ಕಲ್ಪನೆ 3: ನಿನ್ನೆವರೆಗೂ ಸ್ಟಾರ್ಟ್ ಆಗುತ್ತಿತ್ತು, ಮೀಟರ್ 12 ವೋಲ್ಟ್ ತೋರಿಸುತ್ತಿದೆ, ಬ್ಯಾಟರಿ ಗಟ್ಟಿಯಾಗಿದೆ

ವಾಸ್ತವ: 12 ವೋಲ್ಟಿನ ಬ್ಯಾಟರಿ ಸರಿಯಾಗಿ 12 ವೋಲ್ಟ್ ತೋರಿಸಿದರೆ ಅದರ ಹೊಟ್ಟೆಯಲ್ಲಿ ಉಳಿದಿರುವುದು ಕಾಲು ಭಾಗ ಮಾತ್ರ. ಗಾಡಿ ನಿಲ್ಲಿಸಿ ಕೆಲವು ಗಂಟೆ ಕಳೆದ ಮೇಲೆ ಮಲ್ಟಿಮೀಟರ್ ಹಿಡಿದು ನೋಡಿ: 12.6 ಇದ್ದರೆ ಪೂರ್ತಿ ಚಾರ್ಜ್, 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. ಓಡಿಸಿ ಬಂದ ಕೂಡಲೇ ನೋಡಿದರೆ ಮೀಟರ್ ಮುಖಸ್ತುತಿ ಮಾಡುತ್ತದೆ. ಆಗ ಕಾಣುವುದು ಪ್ಲೇಟುಗಳ ಮೇಲ್ಮೈಯ ಚಾರ್ಜ್ ಅಷ್ಟೇ.

ವೋಲ್ಟೇಜ್ ಚೆನ್ನಾಗಿದ್ದ ಮಾತ್ರಕ್ಕೂ ನಿಶ್ಚಿಂತೆಯಿಲ್ಲ. ತೂತು ಬಿದ್ದು ಸವೆದ ಪ್ಲೇಟುಗಳ ಬ್ಯಾಟರಿ ಸುಮ್ಮನೆ ಕೂತಾಗ 12.6 ತೋರಿಸಿ, ಸೆಲ್ಫ್ ಹೊಡೆದ ಕ್ಷಣ ಮುಗ್ಗರಿಸಬಹುದು. ಆದ್ದರಿಂದ ಬೇಕಾದದ್ದು ಲೋಡ್ ಟೆಸ್ಟ್. ಭಾರ ಹೊರಿಸಿ, ಎಷ್ಟು ಬಗ್ಗುತ್ತದೆ ಎಂದು ನೋಡುವ ಪರೀಕ್ಷೆ ಇದು. ಸಾಧಾರಣ ಹವೆಯಲ್ಲಿ ಈ ಭಾರಕ್ಕೆ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬಿದ್ದರೆ ಅದರ ಕಾಲ ಮುಗಿಯಿತೆಂದೇ ಅರ್ಥ. ಅಮೆರಿಕದ ಬಹಳಷ್ಟು ಬಿಡಿಭಾಗದ ಅಂಗಡಿಗಳು ಇದನ್ನು ಪುಕ್ಕಟೆ ಮಾಡಿಕೊಡುತ್ತವೆ. ಮೂರು ವರ್ಷ ದಾಟಿದ ಬ್ಯಾಟರಿಗೆ ವರ್ಷಕ್ಕೊಮ್ಮೆ ಈ ಪರೀಕ್ಷೆ ಬೇಕೇ ಬೇಕು.

ತಪ್ಪು ಕಲ್ಪನೆ 4: ಎಎಚ್ ಜಾಸ್ತಿ ಇರುವ ದೊಡ್ಡ ಬ್ಯಾಟರಿ ತಂದರೆ ಸಾಕು

ವಾಸ್ತವ: ಊರಿನಲ್ಲಿ ಬ್ಯಾಟರಿ ಕೊಳ್ಳುವಾಗ ನಾವು ಕೇಳುವ ಮೊದಲ ಪ್ರಶ್ನೆ "ಎಷ್ಟು ಎಎಚ್?" ಎಂದು. ಆಂಪಿಯರ್-ಅವರ್ ಎಂದರೆ ಕೊಡದಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂಬ ಲೆಕ್ಕ. ಮೈನಸ್ 20ರಲ್ಲಿ ಇಂಜಿನ್ ಎಬ್ಬಿಸಲು ಬೇಕಾದದ್ದು ಅಗಲ ಬಾಯಿಯ ಕೊಡ. ಎರಡು ಮೂರು ಸೆಕೆಂಡಿನಲ್ಲಿ ನೂರಾರು ಆಂಪಿಯರ್ ಸುರಿಯಬೇಕು. ಆ ಬಾಯಿಯ ಅಳತೆಗೆ ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್, ಚಿಕ್ಕದಾಗಿ ಸಿಸಿಎ ಎನ್ನುತ್ತಾರೆ. ಮೈನಸ್ 18 ಡಿಗ್ರಿಯಲ್ಲಿ, 30 ಸೆಕೆಂಡ್ ಕಾಲ, 7.2 ವೋಲ್ಟಿಗಿಂತ ಕೆಳಗಿಳಿಯದೆ ಎಷ್ಟು ಆಂಪಿಯರ್ ಕೊಡಬಲ್ಲದು ಎಂಬುದೇ ಸಿಸಿಎ.

ಇಲ್ಲೊಂದು ಮೋಸದ ಮೂಲೆಯಿದೆ. ಕೆಲವು ಬ್ಯಾಟರಿಗಳ ಮೇಲೆ ಬರೀ 'ಸಿಎ' ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಅದು ಸೊನ್ನೆ ಡಿಗ್ರಿಯ ಲೆಕ್ಕ, ಹಾಗಾಗಿ ಅಂಕಿ ದೊಡ್ಡದು. ಸಿಎ 650 ಇರುವ ಬ್ಯಾಟರಿಯ ಸಿಸಿಎ 520ರ ಆಸುಪಾಸು ಇದ್ದೀತು. ಎರಡು ಬ್ಯಾಟರಿ ಹೋಲಿಸುವಾಗ ಸಿಸಿಎಯನ್ನು ಸಿಸಿಎಗೇ ಹೋಲಿಸಬೇಕು.

ಎಷ್ಟು ಬೇಕೆಂದು ಕಾರಿನ ಕೈಪಿಡಿಯಲ್ಲೇ ಬರೆದಿರುತ್ತದೆ. ಕಡು ಚಳಿಯ ಊರಿನವರು ಅದಕ್ಕಿಂತ ಸ್ವಲ್ಪ ಹೆಚ್ಚಿನದನ್ನೇ ಕೊಳ್ಳುವುದು ಒಳ್ಳೆಯದು. ಹೆಚ್ಚು ಸಿಸಿಎ ಇದ್ದರೆ ಸೆಲ್ಫ್ ಮೋಟರ್ ಸುಟ್ಟುಹೋಗುತ್ತದೆ ಎನ್ನುವುದು ಇನ್ನೊಂದು ಸುಳ್ಳು. ಮೋಟರ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಗಾತ್ರದಲ್ಲಿ ಮಾತ್ರ ಹಟ ಬೇಡ. ಕಾಲಿಗೆ ತಕ್ಕ ಚಪ್ಪಲಿ ಇದ್ದ ಹಾಗೆ, ತಟ್ಟೆಯಲ್ಲಿ ಅಲುಗದೆ ಕೂರಬೇಕು, ಪ್ಲಸ್ ಮೈನಸ್ ಸರಿಯಾದ ಬದಿಗೆ ಬರಬೇಕು, ಬಾನೆಟ್ ಮುಚ್ಚಿದಾಗ ಟರ್ಮಿನಲ್ ತಗಡಿಗೆ ತಾಗಬಾರದು. ಅಮೆರಿಕದಲ್ಲಿ ಇದಕ್ಕೆ 24ಎಫ್, 35, 51ಆರ್ ಎಂಬಂಥ ಗ್ರೂಪ್ ಸಂಖ್ಯೆಗಳಿವೆ. ಸಿಗ್ನಲ್ಲಿನಲ್ಲಿ ತಾನೇ ಇಂಜಿನ್ ಆರಿಸಿಕೊಳ್ಳುವ ಸ್ಟಾರ್ಟ್-ಸ್ಟಾಪ್ ಕಾರುಗಳಿಗೆ ಎಜಿಎಂ ಅಥವಾ ಇಎಫ್‌ಬಿ ಮಾದರಿಯೇ ಆಗಬೇಕು. ಕಮ್ಮಿ ಬೆಲೆಗೆ ಸಿಗುತ್ತದೆಂದು ಮಾಮೂಲಿಯದನ್ನು ಹಾಕಿಸಿದರೆ ಅದು ಆ ದುಡಿಮೆಗೆ ತಡೆಯುವುದಿಲ್ಲ.

ತಪ್ಪು ಕಲ್ಪನೆ 5: ಅಂಗಡಿಯಿಂದ ತಂದದ್ದೆಲ್ಲ ಹೊಸತು

ವಾಸ್ತವ: ಬ್ಯಾಟರಿ ಕಪಾಟಿನಲ್ಲಿ ಕೂತೇ ಮುದಿಯಾಗುತ್ತದೆ. ಬಳಸದಿದ್ದರೂ ಚಾರ್ಜ್ ನಿಧಾನವಾಗಿ ಸೋರುತ್ತಾ, ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ. ಗಟ್ಟಿಯಾದ ಆ ಹರಳು ಮತ್ತೆ ಕರಗುವುದು ಕಷ್ಟ. ಹಾಲಿನ ಪ್ಯಾಕೆಟ್ಟಿನ ತಾರೀಕು ನೋಡುವ ಕಣ್ಣಿನಿಂದಲೇ ಬ್ಯಾಟರಿಯ ಸ್ಟಿಕ್ಕರನ್ನೂ ನೋಡಬೇಕು. ಮೂರು ತಿಂಗಳ ಒಳಗಿನದು ಉತ್ತಮ, ಆರು ತಿಂಗಳು ದಾಟಿದ್ದನ್ನು ಬಿಟ್ಟುಬಿಡಿ. ಹಳೆಯ ಬ್ಯಾಟರಿಯನ್ನು ಅಂಗಡಿಗೇ ಕೊಟ್ಟು ಬನ್ನಿ. ಸೀಸ ವಿಷ, ಅದು ಕಸದ ಬುಟ್ಟಿ ಸೇರಬಾರದು.

ತಪ್ಪು ಕಲ್ಪನೆ 6: ಬೆಳಿಗ್ಗೆ ಹತ್ತು ನಿಮಿಷ ಇಂಜಿನ್ ಓಡಿಸಿಟ್ಟರೆ ಚಾರ್ಜ್ ಆಗುತ್ತದೆ

ವಾಸ್ತವ: ನಾನು ವರ್ಷಗಟ್ಟಲೆ ಮಾಡಿದ ಕೆಲಸ ಇದು. ಕಿಟಕಿಯಿಂದ ಕಾರಿನ ಹೊಗೆ ನೋಡುತ್ತಾ ಕಾಫಿ ಕುಡಿಯುವಾಗ ಬ್ಯಾಟರಿಗೂ ತಿಂಡಿ ಆಗುತ್ತಿದೆ ಎಂಬ ಸಮಾಧಾನ. ಲೆಕ್ಕ ಹಾಕಿದರೆ ಬೇರೆಯೇ ಕಥೆ. ಹಿಂದಿನ ಗಾಜಿನ ಮಂಜು ಕರಗಿಸುವ ತಂತಿ, ಸೀಟಿನ ಹೀಟರ್, ಜೋರಾಗಿ ತಿರುಗುವ ಬ್ಲೋಯರ್, ಹೆಡ್‌ಲೈಟ್, ಎಲ್ಲ ಸೇರಿ 40 ಆಂಪಿಯರ್ ಮೀರುವುದು ಕಷ್ಟವಲ್ಲ. ನಿಂತಲ್ಲೇ ನಿಧಾನಕ್ಕೆ ತಿರುಗುವ ಇಂಜಿನ್ನಿನ ಆಲ್ಟರ್ನೇಟರ್ ತನ್ನ ಪೂರ್ತಿ ಸಾಮರ್ಥ್ಯದ ಹತ್ತಿರಕ್ಕೂ ಬರುವುದಿಲ್ಲ. ದುಡಿದದ್ದೆಲ್ಲ ಈ ಹೀಟರುಗಳಿಗೇ ಖರ್ಚು. ಮಿಕ್ಕಿದ ಚೂರನ್ನಾದರೂ ಬ್ಯಾಟರಿ ತಿಂದೀತೇ ಎಂದರೆ, ಹೆಪ್ಪುಗಟ್ಟುವ ಚಳಿಯಲ್ಲಿ ಅದಕ್ಕೆ ಹಸಿವೇ ಇರುವುದಿಲ್ಲ. ತಣ್ಣಗಿನ ಬ್ಯಾಟರಿ ಚಾರ್ಜನ್ನು ಬಹಳ ನಿಧಾನವಾಗಿ ತೆಗೆದುಕೊಳ್ಳುತ್ತದೆ.

ಬ್ಯಾಟರಿ ನಿಜಕ್ಕೂ ತುಂಬಿಕೊಳ್ಳುವುದು ರಸ್ತೆಯಲ್ಲಿ, ಅದೂ ಅರ್ಧ ಗಂಟೆಯಾದರೂ ಒಂದೇ ಸಮನೆ ಓಡಿದರೆ. ಎರಡು ಕಿಲೋಮೀಟರಿನ ಸ್ಕೂಲು, ಅಲ್ಲಿಂದ ಒಂದು ಕಿಲೋಮೀಟರಿನ ತರಕಾರಿ ಅಂಗಡಿ, ಪ್ರತಿ ಸಲವೂ ಸೆಲ್ಫ್: ಇಂಥ ತಿಂಗಳುಗಳಲ್ಲಿ ಬ್ಯಾಟರಿ ಅರೆಹೊಟ್ಟೆಯಲ್ಲೇ ಮಲಗುತ್ತದೆ. ವಾರಕ್ಕೊಮ್ಮೆ ಹೈವೇಗೆ ಕರೆದೊಯ್ಯಿರಿ, ಇಲ್ಲವೇ ರಾತ್ರಿ ಚಾರ್ಜರ್‌ಗೆ ಹಾಕಿ. ಎಜಿಎಂ ಬ್ಯಾಟರಿಯಾದರೆ ಚಾರ್ಜರಿನಲ್ಲೂ ಎಜಿಎಂ ಆಯ್ಕೆ ಇರಲಿ.

ಕೆನಡಾದ ವಿನ್ನಿಪೆಗ್, ಎಡ್ಮಂಟನ್ ಕಡೆ ಕಾರುಗಳ ಮೂತಿಯಿಂದ ಕರೆಂಟಿನ ವೈರ್ ಜೋತಾಡುವುದನ್ನು ಕಂಡು, ಅಲ್ಲಿ ಬ್ಯಾಟರಿ ಚಾರ್ಜ್ ಆಗುತ್ತದೆ ಎಂದುಕೊಳ್ಳುವವರೂ ಇದ್ದಾರೆ. ಅದು ಬ್ಲಾಕ್ ಹೀಟರ್. ಇಂಜಿನ್ನನ್ನು ಬೆಚ್ಚಗಿಟ್ಟು ಸೆಲ್ಫಿನ ಭಾರ ಇಳಿಸುತ್ತದೆ, ಬ್ಯಾಟರಿಗೆ ಒಂದು ತೊಟ್ಟೂ ಕೊಡುವುದಿಲ್ಲ. ಸೆಲ್ಫಿನ ಭಾರ ಇಳಿಸುವ ಇನ್ನೊಂದು ದಾರಿ ಸರಿಯಾದ ಆಯಿಲ್. ಡಬ್ಬಿಯ ಮೇಲಿನ 0ಡಬ್ಲ್ಯು-20 ಎಂಬಲ್ಲಿ ಡಬ್ಲ್ಯು ಅಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಚಳಿಯಲ್ಲಿ ಆಯಿಲ್ ಸಲೀಸಾಗಿ ಹರಿಯುತ್ತದೆ. ಕೈಪಿಡಿ ಹೇಳಿದ ಆಯಿಲ್ ಹಾಕಿಸುವುದೂ ಬ್ಯಾಟರಿಯ ಆರೈಕೆಯೇ.

ತಪ್ಪು ಕಲ್ಪನೆ 7: ನಿಲ್ಲಿಸಿದ ಕಾರು ಕರೆಂಟ್ ತಿನ್ನುವುದಿಲ್ಲ

ವಾಸ್ತವ: ನನ್ನ ಬ್ಯಾಟರಿಯ ಮರಣೋತ್ತರ ವರದಿ ಇಲ್ಲಿದೆ. ಬೀಗ ಹಾಕಿದ ಕಾರಿನೊಳಗೂ ಕಳ್ಳರ ಅಲಾರಂ, ರಿಮೋಟಿಗೆ ಕಿವಿಗೊಟ್ಟು ಕೂತ ರಿಸೀವರ್, ಕಂಪ್ಯೂಟರುಗಳ ನೆನಪು, ಇವೆಲ್ಲ ಎಚ್ಚರವಾಗಿಯೇ ಇರುತ್ತವೆ. 50 ಮಿಲಿಆಂಪಿಯರ್‌ವರೆಗೆ ಎಳೆದರೆ ಅದು ಸಹಜ. ಕೇಳಲು ಚಿಲ್ಲರೆ. ಆದರೆ ದಿನಕ್ಕೆ 1.2 ಆಂಪಿಯರ್-ಅವರ್, ಐದು ವಾರಕ್ಕೆ 42. ನನ್ನದು 60 ಎಎಚ್ ಬ್ಯಾಟರಿ. ಹೊರಡುವಾಗ ಪೂರ್ತಿ ತುಂಬಿತ್ತು ಎಂದುಕೊಂಡರೂ ಉಳಿದದ್ದು 18, ಅಂದರೆ ಮೂರನೇ ಒಂದು ಪಾಲಿಗಿಂತ ಕಡಿಮೆ. ನಾಲ್ಕು ಬೇಸಿಗೆ ಕಂಡ ಬ್ಯಾಟರಿಯಲ್ಲಿ ಅಷ್ಟೂ ಇದ್ದಿರಲಾರದು.

ಇನ್ನು ಹೆಪ್ಪುಗಟ್ಟುವ ಲೆಕ್ಕ. ಪೂರ್ತಿ ಚಾರ್ಜ್ ಆದ ಬ್ಯಾಟರಿಯ ಆಸಿಡ್ ಗಾಢವಾಗಿರುತ್ತದೆ. ಅದು ಹೆಪ್ಪುಗಟ್ಟಲು ಮೈನಸ್ 50ಕ್ಕೂ ಕೆಳಗಿನ ಚಳಿ ಬೇಕು. ಚಾರ್ಜ್ ಇಳಿದಂತೆ ಆಮ್ಲದ ಅಂಶ ಪ್ಲೇಟುಗಳಿಗೆ ಸೇರಿ ಉಳಿದದ್ದು ನೀರು ನೀರಾಗುತ್ತದೆ. ಕಾಲು ಭಾಗ ಮಾತ್ರ ಉಳಿದರೆ ಮೈನಸ್ 16ರ ಸುಮಾರಿಗೆ, ಪೂರ್ತಿ ಖಾಲಿಯಾದರೆ ಮೈನಸ್ 10ರ ಒಳಗೇ ಮಂಜುಗಡ್ಡೆ. ನೀರು ಗಡ್ಡೆಯಾದರೆ ಹಿಗ್ಗುತ್ತದೆ, ಪ್ಲೇಟು ಬಾಗುತ್ತದೆ, ಡಬ್ಬಿ ಸೀಳುತ್ತದೆ. ಆ ರಾತ್ರಿ ಹೊರಗೆ ಇದ್ದದ್ದು ಮೈನಸ್ 24. ನಾನು ಹಾಸನದ ಹಿತ್ತಿಲಲ್ಲಿ ಬಿಸಿಲು ಕಾಯಿಸುತ್ತಾ ಅವರೆಕಾಳು ಸುಲಿಯುತ್ತಿದ್ದ ಹೊತ್ತಿನಲ್ಲಿ ಅದು ಹನಿಹನಿಯಾಗಿ ಖಾಲಿಯಾಗುತ್ತಿತ್ತು.

ಡಿಸೆಂಬರ್‌ನಲ್ಲಿ ಊರಿಗೆ ಹೊರಡುವ ಕನ್ನಡಿಗರು ಟಿಕೆಟ್ಟಿನ ಜೊತೆಗೇ ಯೋಚಿಸಬೇಕಾದ ವಿಷಯ ಇದು. ಮನೆಯ ಗ್ಯಾರೇಜಿನಲ್ಲಿ ಪ್ಲಗ್ ಇದ್ದರೆ ಬ್ಯಾಟರಿ ಮೇಂಟೇನರ್ ಸಿಕ್ಕಿಸಿ ಹೋಗಿ. ಬೇಕಾದಾಗ ಮಾತ್ರ ತುತ್ತು ತಿನ್ನಿಸಿ ಸುಮ್ಮನಾಗುತ್ತದೆ. ಪ್ಲಗ್ ಇಲ್ಲದಿದ್ದರೆ ಪೂರ್ತಿ ಚಾರ್ಜ್ ಮಾಡಿ, ಕೈಪಿಡಿ ನೋಡಿಕೊಂಡು ಮೈನಸ್ ಟರ್ಮಿನಲ್ ಬಿಚ್ಚಿಡಿ. ಅದೂ ಆಗದಿದ್ದರೆ ನಂಬಿಕಸ್ಥ ಗೆಳೆಯರಿಗೆ ಕೀಲಿ ಕೊಟ್ಟು, ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಲು ಹೇಳಿ. ಬರುವಾಗ ಅವರಿಗೊಂದು ಡಬ್ಬಿ ಚಟ್ನಿಪುಡಿ.

ತಪ್ಪು ಕಲ್ಪನೆ 8: ಮೇಂಟೆನೆನ್ಸ್ ಫ್ರೀ ಅಂದರೆ ಮುಟ್ಟುವುದೇ ಬೇಡ

ವಾಸ್ತವ: ನೀರು ತುಂಬುವ ಕೆಲಸ ಇಲ್ಲ ಎಂದಷ್ಟೇ ಆ ಮಾತಿನ ಅರ್ಥ. ಟರ್ಮಿನಲ್ ಮೇಲೆ ಬಿಳಿ-ನೀಲಿ ಪುಡಿ ಕಟ್ಟಿದರೆ ಒಳಗಿನ ಶಕ್ತಿ ಹೊರಗೆ ಬರುವ ದಾರಿಯೇ ಮುಚ್ಚುತ್ತದೆ. ಎಷ್ಟೋ ಸಲ ಬ್ಯಾಟರಿ ಸತ್ತಿದೆ ಎಂದು ಹೊಸದು ಕೊಂಡವರ ನಿಜವಾದ ಕಾಯಿಲೆ ಈ ಪುಡಿಯೇ ಆಗಿರುತ್ತದೆ. ಮದ್ದು ಅಡುಗೆಮನೆಯಲ್ಲೇ ಇದೆ. ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ. ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ನೊರೆ ಎದ್ದು ಇಳಿದ ಮೇಲೆ ಒರೆಸಿ ಒಣಗಿಸಿ. ಹಾಕುವಾಗ ಪ್ಲಸ್ ಮೊದಲು. ಕೈಯಲ್ಲಿ ತಿರುಚಿದರೆ ಅಲುಗದಷ್ಟು ಬಿಗಿ ಮಾಡಿ, ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ.

ಮುಚ್ಚಳ ತೆಗೆಯಬಹುದಾದ ಹಳೇ ಮಾದರಿಯಾದರೆ ಪ್ಲೇಟು ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಬೇಕು. ಆರಿಹೋಗಿರುವುದು ನೀರು ಮಾತ್ರ, ಆಸಿಡ್ ಒಳಗೇ ಇರುತ್ತದೆ. "ಸ್ವಲ್ಪ ಆಸಿಡ್ ಹಾಕ್ಸಿಬಿಡಿ, ಜೋರಾಗುತ್ತೆ" ಎನ್ನುವವರ ಮಾತು ಕೇಳಬೇಡಿ. ಬಿಸಿನೀರು ಸುರಿಯುವ ಸಲಹೆಯೂ ಬೇಡ. ಚಳಿಗೆ ಬಿರುಸಾದ ಪ್ಲಾಸ್ಟಿಕ್ ಸೀಳಬಹುದು, ಸುರಿದ ನೀರು ಸುತ್ತಲೂ ಮಂಜುಗಡ್ಡೆಯಾಗುವುದಂತೂ ಖಂಡಿತ.

ತಪ್ಪು ಕಲ್ಪನೆ 9: ಜಂಪರ್ ಕೇಬಲ್ ಇದ್ದರೆ ಯಾವ ಬ್ಯಾಟರಿಯನ್ನೂ ಎಬ್ಬಿಸಬಹುದು

ವಾಸ್ತವ: ಹೆಪ್ಪುಗಟ್ಟಿದ ಬ್ಯಾಟರಿಗೆ ಕೇಬಲ್ ಕೊಟ್ಟರೆ ಸಿಡಿಯಬಹುದು. ಪಕ್ಕ ಉಬ್ಬಿದ್ದರೆ, ಬಿರುಕು ಕಂಡರೆ ಕೈಕಟ್ಟಿ ನಿಲ್ಲುವುದೇ ಜಾಣತನ. ಟೋ ಗಾಡಿಯವನು ಕೇಬಲ್ ಸುತ್ತಿಟ್ಟದ್ದು ಅದಕ್ಕೇ.

ಬ್ಯಾಟರಿ ಡೌನ್ ಆಗಿದೆ ಅಷ್ಟೇ ಎಂದಾದರೆ ಕ್ರಮ ಹೀಗೆ: ಕೆಂಪು ಕೇಬಲ್ ಮೊದಲು ಸೋತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಗಟ್ಟಿ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಗಟ್ಟಿ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ಸೋತ ಕಾರಿನ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಬ್ಯಾಟರಿಯ ಬಾಯಲ್ಲಿ ಹೈಡ್ರೋಜನ್ ಇರಬಹುದು. ಕೊನೆಯ ಕಿಡಿ ಅದರ ಹತ್ತಿರ ಹಾರಬಾರದು. ಸ್ಟಾರ್ಟ್ ಆದ ಮೇಲೆ ಬಿಚ್ಚುವುದು ಇದೇ ಕ್ರಮದ ಉಲ್ಟಾ. ಆಮೇಲೆ ಆಲ್ಟರ್ನೇಟರ್ ಸರಿಯಿದೆಯೇ ನೋಡಲು ಓಡುವ ಇಂಜಿನ್ನಿನ ಬ್ಯಾಟರಿ ಕಳಚುವ ಹಳೇ ಗ್ಯಾರೇಜಿನ ಚಾಳಿ ಬೇಡ. ಆಗ ಏರುವ ವೋಲ್ಟೇಜಿಗೆ ಈಗಿನ ಕಾರಿನ ಕಂಪ್ಯೂಟರುಗಳು ಸುಡುತ್ತವೆ. ಟರ್ಮಿನಲ್‌ಗೆ ಮೀಟರ್ ಹಿಡಿದರೆ ಸಾಕು, ಸಾಮಾನ್ಯವಾಗಿ 13.8ರಿಂದ 14.7 ವೋಲ್ಟ್ ತೋರಿಸಬೇಕು.

ಅಪ್ಪನ ಸಲಹೆಗೂ ಇಲ್ಲೇ ಉತ್ತರ. ಅವರ ಕಾಲದ ಗಾಡಿಗಳನ್ನು ತಳ್ಳಿ, ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟರೆ ಎದ್ದುಬಿಡುತ್ತಿದ್ದವು. ಆಟೊಮ್ಯಾಟಿಕ್ ಗೇರಿನ ಕಾರನ್ನು ಊರವರೆಲ್ಲ ಸೇರಿ ತಳ್ಳಿದರೂ ಇಂಜಿನ್ ತಿರುಗುವುದಿಲ್ಲ.

ತಪ್ಪು ಕಲ್ಪನೆ 10: ಎಲೆಕ್ಟ್ರಿಕ್ ಕಾರು ಕೊಂಡರೆ ಈ ತಲೆನೋವೇ ಇಲ್ಲ

ವಾಸ್ತವ: ದೊಡ್ಡ ಬ್ಯಾಟರಿಯ ಜೊತೆ ಎಲೆಕ್ಟ್ರಿಕ್ ಕಾರಿನಲ್ಲೂ ಸಾಮಾನ್ಯವಾಗಿ ಒಂದು ಪುಟ್ಟ 12 ವೋಲ್ಟಿನ ಬ್ಯಾಟರಿ ಇರುತ್ತದೆ. ಬಾಗಿಲಿನ ಬೀಗ, ಕಂಪ್ಯೂಟರು, ದೊಡ್ಡ ಬ್ಯಾಟರಿಯನ್ನು ಜೋಡಿಸುವ ಸ್ವಿಚ್ಚು ನಡೆಯುವುದು ಅದರಿಂದಲೇ. ಕಣಜದ ತುಂಬ ಭತ್ತವಿದ್ದು ಬೀಗದ ಕೈ ಕಳೆದ ಸ್ಥಿತಿ ಬರಬಹುದು. ಹೈಬ್ರಿಡ್ ಕಾರಿನ ಕಥೆಯೂ ಇದೇ.

ಇಷ್ಟೆಲ್ಲ ತಿಳಿದ ಮೇಲೆ ನಾನು ಮಾಡಿಕೊಂಡ ಬದಲಾವಣೆ ಒಂದೇ, ತಾರೀಕಿನದು. ಮೊದಲು ಬ್ಯಾಟರಿಯ ನೆನಪಾಗುತ್ತಿದ್ದುದು ಮೊದಲ ಹಿಮ ಬಿದ್ದ ಬೆಳಿಗ್ಗೆ, ಬಾಯಾರಿದಾಗ ಬಾವಿ ತೋಡಿದ ಹಾಗೆ. ಈಗ ಆಯುಧಪೂಜೆಗೇ ಆ ಕೆಲಸ. ಅಷ್ಟು ಹೊತ್ತಿಗೆ ಬೇಸಿಗೆ ತನ್ನ ಹಾನಿಯನ್ನೆಲ್ಲ ಮಾಡಿ ಮುಗಿಸಿರುತ್ತದೆ, ಚಳಿ ಇನ್ನೂ ಬಾಗಿಲು ತಟ್ಟಿರುವುದಿಲ್ಲ. ಬ್ಯಾಟರಿಯ ನಿಜಬಣ್ಣ ನೋಡಲು ಇದಕ್ಕಿಂತ ಸರಿಯಾದ ವಾರ ಇನ್ನೊಂದಿಲ್ಲ. ಕಾರು ತೊಳೆದು, ಬಾನೆಟ್ ಎತ್ತಿ, ಟರ್ಮಿನಲ್ ತಿಕ್ಕಿ, ಮೀಟರಿನ ಅಂಕಿಯನ್ನು ಡೈರಿಯಲ್ಲಿ ಬರೆದು, ಲೋಡ್ ಟೆಸ್ಟ್ ಮಾಡಿಸಿಕೊಂಡು ಬಂದ ಮೇಲೆಯೇ ಕುಂಕುಮ, ಚೆಂಡು ಹೂವು, ಚಕ್ರದಡಿ ನಿಂಬೆಹಣ್ಣು. ಹೋದ ಸಲ ವಿಡಿಯೊ ಕರೆಯಲ್ಲಿ ಇದನ್ನು ನೋಡುತ್ತಿದ್ದ ಅಪ್ಪ, "ಬ್ಯಾಟ್ರಿಗೂ ಒಂದು ಬೊಟ್ಟು ಇಡೋ" ಅಂದರು. ಮೈನಸ್ ಟರ್ಮಿನಲ್‌ನಿಂದ ದೂರಕ್ಕೆ, ಡಬ್ಬಿಯ ಮೇಲೆ ಇಟ್ಟೆ.